ಕಾವಲಿಯೋ ಕೈಗುಣವೋ

ಜಯದೇವಿಯ ದೋಸೆಗೆ ಕತ್ರಿಗುಪ್ಪೆಯಲ್ಲಿ ಸರಿಸಾಟಿ ಇರಲಿಲ್ಲ. ತಕರಾರಿದ್ದದ್ದು ಅದರ ಕೀರ್ತಿ ಯಾರಿಗೆ ಸೇರಬೇಕು ಎಂಬುದರಲ್ಲಿ.

"ಆ ಕಾವಲಿ ನಮ್ಮತ್ತೆ ಕಾಲದ್ದು. ಎಣ್ಣೆ ಕುಡ್ದು ಕುಡ್ದು ಹದವಾಗಿದೆ. ಯಾರು ಹುಯ್ದ್ರೂ ದೋಸೆ ಏಳುತ್ತೆ," ಎಂದು ಅತ್ತೆ ಈಶ್ವರಮ್ಮ ಬಂದವರಿಗೆಲ್ಲ ಹೇಳುವರು.

"ಕಬ್ಬಿಣಕ್ಕೇನು ಗೊತ್ತು ಅತ್ತೆ? ಎಲ್ಲಾ ಕೈಗುಣ," ಎಂದು ಜಯದೇವಿ ಹಿಟ್ಟು ಮೆತ್ತಿದ ಕೈಯನ್ನು ಅಭಯಹಸ್ತದಂತೆ ಎತ್ತುವಳು. (ಅಕ್ಕಿ, ಉದ್ದು, ಮೆಂತ್ಯ ಎಲ್ಲರ ಮನೆಯಲ್ಲೂ ಇವೆ. ಇಂಥ ಕೈ ಇದೆಯೇ?)

ಈ ಧೈರ್ಯದಲ್ಲೇ ಅವಳು ಬಡಾವಣೆಯ ‘ಅಕ್ಕನ ಬಳಗ’ದ ಹೆಂಗಸರನ್ನು ವಿಜಯದಶಮಿಯ ಬೆಳಿಗ್ಗೆ ದೋಸೆಗೆ ಕರೆದಿದ್ದಳು. "ಆ ಕೈಗುಣ ನಮ್ಗೂ ಸ್ವಲ್ಪ ಹೇಳ್ಕೊಡಿ," ಎಂದಿದ್ದರು ಬಳಗದ ಅಧ್ಯಕ್ಷೆ ಕಾತ್ಯಾಯಿನಿ.

ಹಿಂದಿನ ದಿನ ಆಯುಧಪೂಜೆ. ಸ್ಕೂಟರಿಗೊಂದು ಹಾರ ಹಾಕಿ ಪೇಪರು ಹಿಡಿಯುವುದಷ್ಟೇ ಗಂಡ ರೇವಣಸಿದ್ದಪ್ಪನ ಹಬ್ಬ. ಆದರೆ ಹಬ್ಬದ ದಿನವೂ ಕೈ ಆಡಿಸುವುದಿಲ್ಲವೆಂಬ ಹೆಂಡತಿಯ ಬೈಗುಳ ಆ ಸಲ ನಾಟಿತ್ತು. ಅತ್ತೆ ಸೊಸೆ ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಮನೆಯ ಕಬ್ಬಿಣವನ್ನೆಲ್ಲ ಹಿತ್ತಲಿಗೆ ಹೊತ್ತು ಉಪ್ಪುಕಾಗದದಿಂದ ತಿಕ್ಕಿದ್ದ. ಈಳಿಗೆಮಣೆ, ಸುತ್ತಿಗೆ, ಇಕ್ಕಳಗಳ ನಡುವೆ ಕಾವಲಿಯೂ ವಿಭೂತಿ ಧರಿಸಿ ಬೆಳ್ಳಿ ತಟ್ಟೆಯಂತೆ ಥಳಥಳಿಸುತ್ತಿತ್ತು.

"ಮುಖ ನೋಡ್ಕೋಬಹುದು ಕಣೇ!"

ಜಯದೇವಿ ನೋಡಿಕೊಂಡಳು. ಕಂಡ ಮುಖ ಬೆವರುತ್ತಿತ್ತು.

"ತಲೆತಲಾಂತರದ ಹದ ಹೋಯ್ತಲ್ಲೋ ಸಿದ್ದಾ!" ಎಂದು ಎದೆ ಹಿಡಿದುಕೊಂಡ ಅತ್ತೆ, ಮರುಕ್ಷಣವೇ ಸೊಸೆಯತ್ತ ತಿರುಗಿ, "ನಿಂಗೇನಮ್ಮಾ ಯೋಚ್ನೆ? ಕೈಗುಣ ಇದೆಯಲ್ಲ," ಎಂದರು.

"ಹೌದತ್ತೆ. ನಾಳೆ ನೋಡ್ತಿರಿ," ಎಂದುಬಿಟ್ಟಳು ಜಯದೇವಿ. ಸಂಜೆ ಮಾತ್ರ ಶಿವನಿಗೆ ಬಿಲ್ವಪತ್ರೆ ಸ್ವಲ್ಪ ಹೆಚ್ಚೇ ಏರಿತು.

ಮರುದಿನ ಮೊದಲ ದೋಸೆ ಕಾವಲಿಯನ್ನು ಅಪ್ಪಿಕೊಂಡು ಬಿಡಲೊಲ್ಲೆ ಎಂದಿತು. ಎರಡನೆಯದು ಚೂರುಚೂರಾಗಿ ಬಂತು. ಬೀದಿಯ ಹಸು ಗೇಟಿನ ಮುಂದೆ ಠಿಕಾಣಿ ಹೂಡಿತು.

"ಇದೇನ್ರೀ ಜಯದೇವಿ, ಉಪ್ಪಿಟ್ಟಾ?" ಎಂದರು ಕಾತ್ಯಾಯಿನಿ.

ಜಯದೇವಿಗೆ ತಡೆಯಲಾಗಲಿಲ್ಲ. "ನಂದೇನೂ ತಪ್ಪಿಲ್ಲ! ಎಲ್ಲಾ ಕಾವಲೀದು! ಕಾವಲಿ ಹದ ಇಲ್ದಿದ್ರೆ ಬ್ರಹ್ಮ ಹುಯ್ದ್ರೂ ದೋಸೆ ಏಳಲ್ಲ!"

ಹೆಂಗಸರೆಲ್ಲ ಅತ್ತೆಯತ್ತ ತಿರುಗಿದರು.

"ಎಲ್ರೂ ಕೇಳಿಸ್ಕೊಂಡ್ರಾ?" ಎಂದರು ಈಶ್ವರಮ್ಮ. ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತರು. ಹೊಗೆಯೇಳುವಂತೆ ಕಾವಲಿ ಕಾಯಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲದ್ದಿ ತಾಳ್ಮೆಯಿಂದ ಮತ್ತೆ ಮತ್ತೆ ಉಜ್ಜಿದರು. ನೀರು ಚಿಮುಕಿಸಿ, ಉರಿ ತಗ್ಗಿಸಿ ಹಿಟ್ಟು ಹುಯ್ದರು. ದೋಸೆ ಹೊಂಬಣ್ಣ ತಾಳಿ ಕಾಗದದಂತೆ ತಾನೇ ಅಂಚು ಬಿಟ್ಟಿತು.

ಜಯದೇವಿಗೆ ಹೋದ ಜೀವ ಬಂತು. "ನೋಡಿದ್ರಾ! ಅದೇ ಬೋಳು ಕಾವಲಿ! ಎಲ್ಲಾ ಕೈಗುಣ ಅಂತ ನಾನು ಮೊದ್ಲಿಂದ ಹೇಳ್ತಿಲ್ವಾ?"

"ಒಪ್ಕೊಂಡೆ ಕಣಮ್ಮಾ," ಎಂದು ಅತ್ತೆ ತಣ್ಣಗೆ ನಕ್ಕು, ದೋಸೆಯನ್ನು ಕಾತ್ಯಾಯಿನಿಯ ತಟ್ಟೆಗೆ ಜಾರಿಸಿದರು.

ಹೆಂಗಸರೆಲ್ಲ ತಟ್ಟೆ ಹಿಡಿದು ಅತ್ತೆಯ ಸುತ್ತ ನೆರೆದರು. "ಈಶ್ವರಮ್ಮನೋರೇ, ಆ ಕೈಗುಣ ನಮ್ಗೂ ಸ್ವಲ್ಪ ಹೇಳ್ಕೊಡಿ!"

"ಅದಕ್ಕೇನಂತೆ," ಎಂದರು ಅತ್ತೆ. "ಜಯಾ, ಇನ್ನೊಂದೆರಡು ಈರುಳ್ಳಿ ಹೆಚ್ಚಿ ಕೊಡಮ್ಮಾ."

ಹೆಚ್ಚುವಾಗ ಕಣ್ಣೀರು ಬಂತು. ಸದ್ಯ, ಈರುಳ್ಳಿ ಇತ್ತು.