ಕೊಡೆಯ ಮೇಲಿನ ಹಳದಿ ಬಾತುಕೋಳಿ

ಹತ್ತೊಂಬತ್ತು ನಾವಿಕರು ಬಿಡುಗಡೆಯಾದ ಸುದ್ದಿ ಬಂದ ಬೆಳಿಗ್ಗೆ ಇಡೀ ಬೀದಿಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕುಳಿತವರು ಒಬ್ಬರೇ ಒಬ್ಬರು. ಅವರೇ ನಮ್ಮ ಖಂಡನಾಚಾರ್ಯರು. ಆ ಹತ್ತೊಂಬತ್ತು ಜನರಲ್ಲಿ ಒಬ್ಬ ಅವರ ಸ್ವಂತ ಅಳಿಯ ಎಂಬುದೇ ಈ ಕಥೆಯ ತೊಡಕು.

ಅಳಿಯ ಸರಕು ಹಡಗಿನಲ್ಲಿ ಎಂಜಿನ್ ಮೆಕ್ಯಾನಿಕ್. ಹಡಗು ತಮ್ಮ ಗಡಿಯೊಳಗೆ ಅರ್ಧ ಮೈಲಿ ನುಗ್ಗಿ ಬಂತೆಂದು ಹೇಳಿ ನೆರೆಯ ದೇಶದವರು ಏಳು ತಿಂಗಳ ಹಿಂದೆ ಎಲ್ಲರನ್ನೂ ಹಿಡಿದಿಟ್ಟುಕೊಂಡಿದ್ದರು. ಆಗ ಬಸುರಿಯಾಗಿದ್ದ ಮಗಳು ತವರಿಗೆ ಬಂದಳು. ಮಗು ಹುಟ್ಟಿ ಮೂರು ತಿಂಗಳಾಯಿತು. ಅಪ್ಪ ಮಗುವಿನ ಮುಖ ನೋಡಿರಲಿಲ್ಲ.

ಖಂಡನಾಚಾರ್ಯರೆಂಬ ಹೆಸರು ಬೀದಿಯವರು ಕೊಟ್ಟದ್ದು. ಅವರು ಮೂವತ್ತು ವರ್ಷ ಸಾರಿಗೆ ಇಲಾಖೆಯ ದೂರು ವಿಭಾಗದಲ್ಲಿ ಕುಳಿತು ಪ್ರಯಾಣಿಕರ ದೂರುಗಳಿಗೆ ಉತ್ತರ ಬರೆದವರು. ನಿವೃತ್ತಿಯಾದ ಮೇಲೆ, ಇಷ್ಟು ವರ್ಷ ಬೇರೆಯವರು ಮಾಡುತ್ತಿದ್ದ ಕೆಲಸವನ್ನು ತಾವೇ ಯಾಕೆ ಮಾಡಬಾರದು ಎನಿಸಿ, ಒಂದು ಪಕ್ಷದ ಜಿಲ್ಲಾ ಕಚೇರಿಯ ಹೇಳಿಕೆಗಳನ್ನು ಬರೆದುಕೊಡತೊಡಗಿದರು. ಪಕ್ಷ ಈಗ ವಿರೋಧದಲ್ಲಿದೆ. ಆದ್ದರಿಂದ ಹೇಳಿಕೆ ಎಂದರೆ ಖಂಡನೆ. ಸರ್ಕಾರ ನೆರೆದೇಶದೊಂದಿಗೆ ಮಾತಾಡಿದರೆ 'ಶರಣಾಗತಿ', ಮಾತಾಡದಿದ್ದರೆ 'ದುರಹಂಕಾರ', ಮಾತಾಡಿ ಏನೂ ಸಿಗದಿದ್ದರೆ 'ವೈಫಲ್ಯ', ಏನಾದರೂ ಸಿಕ್ಕರೆ 'ಇದರ ಹಿಂದಿನ ಮರ್ಮವೇನು?'. ಈ ನಾಲ್ಕು ಚೌಕಟ್ಟುಗಳನ್ನು ಅವರು ಮೊದಲೇ ಬೆರಳಚ್ಚು ಮಾಡಿಸಿ, ತಾರೀಖಿಗೆ ಜಾಗ ಬಿಟ್ಟು, ಕಪಾಟಿನಲ್ಲಿ ಜೋಡಿಸಿಟ್ಟಿದ್ದರು.

ಅವರಿಗೆ ಹೊಗಳಲು ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಹಿಂದೆ ಅವರದೇ ಪಕ್ಷ ಅಧಿಕಾರದಲ್ಲಿದ್ದಾಗ ಗಡಿ ದಾಟಿ ಮೇಯಲು ಹೋದ ಹದಿಮೂರು ಕುರಿಗಳಲ್ಲಿ ಹನ್ನೆರಡನ್ನು ನೆರೆದೇಶ ವಾಪಸ್ಸು ಕಳಿಸಿತ್ತು. ಆಗ ಆಚಾರ್ಯರು 'ಜಗತ್ತೇ ಬೆರಗಾದ ರಾಜತಾಂತ್ರಿಕ ದಿಗ್ವಿಜಯ' ಎಂದು ಎರಡು ಪುಟ ಬರೆದಿದ್ದರು. (ಹದಿಮೂರನೆಯ ಕುರಿ ಸ್ವಇಚ್ಛೆಯಿಂದ ಅಲ್ಲೇ ನೆಲೆಸಿತೆಂದು ಒಂದು ಅಡಿಟಿಪ್ಪಣಿ ಇತ್ತು.) ಆಗ ಆಚೆಯ ಪಕ್ಷದವರು 'ಕುರಿಗಳ ಆರೋಗ್ಯ ತಪಾಸಣೆಯಾಗಿದೆಯೇ?' ಎಂದು ಕೇಳಿದ್ದರು. ಹೀಗೆ ಎರಡೂ ಪಕ್ಷಗಳು ಸಮಾನವಾಗಿ ದೇಶಸೇವೆ ಮಾಡುತ್ತ ಬಂದಿದ್ದವು.

ಸುದ್ದಿ ಕೇಳಿದ್ದೇ ತಡ, ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಹೆಂಡತಿ ಎದ್ದು ಬಂದರು. ಆಕೆ ಬೀದಿಯ ಅರ್ಧ ಜನರಿಗೆ ಬಟ್ಟೆ ಹೊಲಿದುಕೊಡುವವರು. ಮಾತೂ ಅಳತೆಯದೇ.

“ರೀ, ಕೇಳಿಸ್ತಾ? ಹತ್ತೊಂಬತ್ತು ಜನಾನೂ ಬಿಟ್ಟರಂತೆ.”

“ಕೇಳಿಸ್ತು.”

“ಕೇಳಿಸಿದ ಮುಖಾನಾ ಇದು?”

“ಸಂತೋಷವೇ ಕಣೇ. ಆದರೆ ಸಮಯ ನೋಡು. ಚುನಾವಣೆಗೆ ಇನ್ನು ಹದಿನಾಲ್ಕೇ ದಿನ. ಏಳು ತಿಂಗಳು ಇಟ್ಟುಕೊಂಡವರು ಇನ್ನೊಂದು ಹದಿನೈದು ದಿನ ಇಟ್ಟುಕೊಂಡಿದ್ದರೆ ಅವರ ಗಂಟೇನು ಹೋಗ್ತಿತ್ತು?”

ಒಳಕೋಣೆಯ ಬಾಗಿಲಲ್ಲಿ ಮಗಳು ಮಗುವನ್ನೆತ್ತಿಕೊಂಡು ನಿಂತಿದ್ದಳು.

“ಅಪ್ಪ, ಅದನ್ನ ಇನ್ನೊಂದ್ಸಲ ಹೇಳಿ.”

ಆಚಾರ್ಯರು ಕನ್ನಡಕ ತೆಗೆದು ಒರೆಸತೊಡಗಿದರು. ಎಂಥ ವಾಗ್ಮಿಗೂ ಕೆಲವು ವಾಕ್ಯಗಳನ್ನು ಎರಡನೇ ಸಲ ಹೇಳಲಾಗುವುದಿಲ್ಲ.

“ಹಾಗಾದರೆ ನಾನು ಒಂದು ಹೇಳ್ತೀನಿ, ಕೇಳಿಸ್ಕೊಳ್ಳಿ,” ಎಂದಳು ಮಗಳು. “ಈ ಬಿಡುಗಡೆ ವಿರುದ್ಧ ನೀವು ಒಂದಕ್ಷರ ಬರೆದ್ರೂ ಮಗು ನಿಮ್ಮ ಕೈಗಿಲ್ಲ. ಸಂಜೆ ಐದೂ ಇಲ್ಲ, ಆರೂ ಇಲ್ಲ.”

ಏಟು ಬೀಳಬೇಕಾದ ಕಡೆಯೇ ಬಿತ್ತು. ಸಂಜೆ ಐದರಿಂದ ಆರರವರೆಗೆ ಮಗು ಅಜ್ಜನ ತೊಡೆಯ ಮೇಲೆ ಎಂಬುದು ಆ ಮನೆಯ ಕಟ್ಟಳೆ. ಮಗು ಅವರ ಕನ್ನಡಕದ ಕಡೆ ಕೈ ಚಾಚುತ್ತಿತ್ತು, ಅವರು ಮಗುವಿನ ಹಿಮ್ಮಡಿಗೆ ಮುತ್ತಿಡುತ್ತಿದ್ದರು. ದಿನದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಆ ಒಂದು ಗಂಟೆ ಮಾತ್ರ ಅವರು ಜಗತ್ತಿನ ಯಾವ ಸಂಗತಿಯನ್ನೂ ಖಂಡಿಸುತ್ತಿರಲಿಲ್ಲ.

“ಆಯ್ತಮ್ಮ. ಬರೆಯಲ್ಲ. ಮಾತು ಕೊಟ್ಟೆ,” ಎಂದರು.

ಅರ್ಧ ಗಂಟೆಯಲ್ಲಿ ಪಕ್ಷದ ಕಾರ್ಯದರ್ಶಿಯ ಫೋನು ಬಂತು. ಆಚಾರ್ಯರು ಫೋನನ್ನು ಹಿತ್ತಲಿಗೆ ಒಯ್ದು, ಒಣಹಾಕಿದ ಮಗುವಿನ ಬಟ್ಟೆಗಳ ಮರೆಯಲ್ಲಿ ನಿಂತು ಮಾತಾಡಿದರು.

“ಸಾರ್, ನಾಲ್ಕನೇ ಚೌಕಟ್ಟು ತೆಗೀರಿ. ಮರ್ಮವೇನು ಅನ್ನೋದು.”

“ಈ ಸಲ ಬರೆಯೋಕಾಗಲ್ಲ ಸ್ವಾಮಿ. ಮನೆಯಲ್ಲಿ ಪರಿಸ್ಥಿತಿ ಸೂಕ್ಷ್ಮವಾಗಿದೆ.”

“ಗೊತ್ತು ಸಾರ್, ನಿಮ್ಮ ಅಳಿಯಂದಿರೂ ಇದ್ದಾರೆ. ನಮಗೂ ಸಂತೋಷ. ಮನುಷ್ಯರಾಗಿ ಸಂತೋಷ, ಪಕ್ಷವಾಗಿ ಖಂಡನೆ. ಬರೆಯೋದು ಬೇಡ ಬಿಡಿ. ನಾಳೆ ವಿಮಾನ ನಿಲ್ದಾಣದ ದೊಡ್ಡ ಗೇಟಿನ ಹತ್ತಿರ ಕಪ್ಪು ಬಾವುಟ ಹಿಡಿದು ಒಂದು ಗಂಟೆ ನಿಂತರೆ ಸಾಕು. ಮಂತ್ರಿಗಳ ಗಾಡಿ ತಡೆಯೋದು, ಅಷ್ಟೇ. ನಾವಿಕರನ್ನ ಹಿಂದಿನ ಗೇಟಿಂದ ಕರ್ಕೊಂಡು ಹೋಗ್ತಾರೆ.”

ಆಚಾರ್ಯರು ಒಣಗುತ್ತಿದ್ದ ಪುಟ್ಟ ಅಂಗಿಯೊಂದನ್ನು ನೋಡುತ್ತ ಯೋಚಿಸಿದರು. ಮಗಳು ಬರೆಯಬೇಡ ಎಂದಿದ್ದಾಳೆ. ನಿಲ್ಲಬೇಡ ಎಂದಿಲ್ಲ. ಒಪ್ಪಂದಗಳಲ್ಲಿ ಇಲ್ಲದ ಅರ್ಥವನ್ನು ಹುಡುಕಿಯೇ ಹೊಟ್ಟೆ ತುಂಬಿಸಿಕೊಂಡವರಿಗೆ ಮಗಳ ಮಾತಿನಲ್ಲಿ ಇಷ್ಟು ದೊಡ್ಡ ಕಿಂಡಿ ಕಾಣದೆ ಹೋದೀತೇ?

ಮರುದಿನ ಅಳಿಯನನ್ನು ಕರೆತರಲು ಹೊರಟವರು ಅವರೇ. ಹಸುಗೂಸನ್ನು ಬಿಟ್ಟು ಹೆಂಗಸರು ಹೊರಡುವಂತಿರಲಿಲ್ಲ. ನಾವಿಕರನ್ನು ನಗರದ ಹಡಗು ಕಚೇರಿಗೆ ಕರೆದೊಯ್ದು, ಸಹಿ ಹಾಕಿಸಿಕೊಂಡು, ಮನೆಯವರಿಗೆ ಒಪ್ಪಿಸುತ್ತೇವೆಂದು ತಿಳಿಸಿದ್ದರು.

“ಬಿಸಿಲಿದೆ, ಕೊಡೆ ತಗೊಂಡು ಹೋಗಿ,” ಎಂದು ಹೆಂಡತಿ ಅವರ ಹಳೆಯ ಕರಿ ಕೊಡೆಯನ್ನು ಕೈಗಿತ್ತರು.

ಮೊದಲು ವಿಮಾನ ನಿಲ್ದಾಣದ ದೊಡ್ಡ ಗೇಟಿನ ಬಳಿ ಹೋಗಿ ನೋಡಿದರೆ ಬಾವುಟಗಳು ಹತ್ತೇ, ಬಂದವರು ಹದಿನೈದು ಮಂದಿ. ಕಾರ್ಯದರ್ಶಿ ತಲೆ ಕೆರೆದುಕೊಂಡ. “ಸಾರ್, ನಿಮ್ಮ ಕೊಡೆ ಹೇಗೂ ಕಪ್ಪೇ ಇದೆಯಲ್ಲ. ಬಿಡಿಸಿ ಹಿಡೀರಿ.” ಆಚಾರ್ಯರಿಗೂ ಅದೇ ಬೇಕಿತ್ತು. ಟೀವಿಯವರ ಕ್ಯಾಮೆರಾಗಳಿಗೆ ಮುಖ ಕಾಣಬಾರದೆಂದು ಕೊಡೆಯನ್ನು ಮುಂದಕ್ಕೆ ಬಾಗಿಸಿ, ಎದೆಯವರೆಗೆ ಇಳಿಸಿ, ಗುರಾಣಿ ಹಿಡಿದ ಯೋಧನಂತೆ ರಸ್ತೆಯ ನಟ್ಟನಡುವೆ ನಿಂತರು. ಗಾಡಿಯೊಂದು ಬಂದು ನಿಂತ ಸದ್ದಾಯಿತು. ಕೊಡೆಯ ಅಂಚಿನ ಕೆಳಗೆ ಅವರಿಗೆ ಕಂಡದ್ದು ಎರಡು ದಪ್ಪ ಚಕ್ರಗಳು ಮಾತ್ರ. ಮಂತ್ರಿಗಳಿಗೆ ಎಷ್ಟು ದೊಡ್ಡ ಗಾಡಿ ಎಂದು ಮನಸ್ಸಿನಲ್ಲೇ ಒಂದು ಹೇಳಿಕೆಗೆ ಟಿಪ್ಪಣಿ ಮಾಡಿಕೊಂಡು, ಪೊಲೀಸರು ಎಲ್ಲರನ್ನೂ ಪಕ್ಕಕ್ಕೆ ಸರಿಸುವವರೆಗೂ ಅಲುಗಾಡದೆ ನಿಂತರು.

ಆಮೇಲೆ ಆಟೋ ಹಿಡಿದು ಹಡಗು ಕಚೇರಿಗೆ ಹೋದರು. ಅಳಿಯ ಕಂಡ. ಸೊರಗಿದ್ದ, ಗಡ್ಡ ಬಿಟ್ಟಿದ್ದ, ಮಾವನ ಕಾಲು ಮುಟ್ಟಲು ಬಗ್ಗಿದ. ಆಗ ಆಚಾರ್ಯರ ಕಣ್ಣು ನಿಜವಾಗಿಯೂ ತುಂಬಿ ಬಂತು. ಅದನ್ನು ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ.

ಮನೆಯಲ್ಲಿ ಅಳಿಯ ಮಗುವನ್ನು ಎತ್ತಿಕೊಂಡು ಅದರ ಒಂದೊಂದೇ ಬೆರಳನ್ನು ಬಿಡಿಸಿ ನೋಡಿದ. ಊಟ ಮುಗಿದು ಎಲ್ಲರೂ ಚಹಾ ಕುಡಿಯುತ್ತ ಕುಳಿತಾಗ ಗಂಟೆ ಐದಾಗಿತ್ತು. ಕಟ್ಟಳೆಯಂತೆ ಮಗು ಅಜ್ಜನ ತೊಡೆಗೆ ಬಂತು. ಅಲ್ಲಿಗೇ ಅವರು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆರು ಗಂಟೆಯೊಳಗೆ ಒಂದಾದರೂ ಕೊರತೆ ಹುಡುಕಿ ಕೊಡಿ, ಬಿಡುಗಡೆಯ ವಿಷಯ ಎತ್ತುವುದು ಬೇಡ ಎಂದು ಕಾರ್ಯದರ್ಶಿ ದಾರಿಯಲ್ಲಿ ಮತ್ತೆ ಫೋನು ಮಾಡಿದ್ದ.

“ಅಳಿಯಂದಿರೇ, ವಿಮಾನದಲ್ಲಿ ಊಟ ಹಳಸಿತ್ತಲ್ಲವೇ?”

“ಇಲ್ಲ ಮಾವ, ಚೆನ್ನಾಗಿತ್ತು.”

“ಸೀಟು ಇಕ್ಕಟ್ಟು?”

“ಏಳು ತಿಂಗಳು ಆರು ಜನ ಒಂದು ಕೋಣೇಲಿ ಮಲಗಿದೀವಿ ಮಾವ. ಸೀಟು ಅರಮನೆ ಇದ್ದಂಗಿತ್ತು.”

“ಮಂತ್ರಿಗಳು ಫೋಟೋಗೆ ಅಂತ ಬಿಸಿಲಲ್ಲಿ ನಿಲ್ಲಿಸಿರಬೇಕು.”

“ಅವರು ಬಂದೇ ಇರಲಿಲ್ಲ. ಯಾರೋ ಅಧಿಕಾರಿ ಬಂದು ಕೈ ಕುಲುಕಿ, ಮನೆಗೆ ಫೋನು ಮಾಡಿ ಅಂತ ಅವರ ಫೋನನ್ನೇ ಕೊಟ್ಟರು.”

ಆಚಾರ್ಯರಿಗೆ ಕಣ್ಣು ಕತ್ತಲೆ ಬಂದಂತಾಯಿತು. ಇಷ್ಟು ಹೊಣೆಗೇಡಿತನದಿಂದ ಕೆಲಸವನ್ನು ಚೆನ್ನಾಗಿ ಮಾಡಿದ ಸರ್ಕಾರವನ್ನು ಅವರು ಕಂಡಿರಲಿಲ್ಲ.

“ನೆನಪು ಮಾಡ್ಕೊಳ್ಳಿ. ಏನಾದರೂ ಒಂದು ತೊಂದರೆ ಆಗಿರಲೇಬೇಕು.”

ಅಳಿಯ ಮರ್ಯಾದಸ್ಥ. ಮಾವನವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. “ಒಂದೇ ಒಂದು, ಮಾವ. ಬಸ್ಸು ನಲವತ್ತು ನಿಮಿಷ ಗೇಟಲ್ಲೇ ನಿಂತುಬಿಡ್ತು. ಕಿಟಕಿ ತೆಗೆಯೋಕೆ ಬರಲ್ಲ, ಕುಡಿಯೋಕೆ ನೀರಿಲ್ಲ. ನಮ್ಮ ಹಡಗಿನ ಅಡುಗೆಯ ಮುದುಕಪ್ಪನಿಗೆ ತಲೆ ಸುತ್ತಿ ಬಂತು. ಅದು ಯಾಕೆ ಅಂದರೆ...”

“ಯಾಕೆ ಅನ್ನೋದು ಬೇಡ. ಎಷ್ಟು ಹೊತ್ತು ಅಂದಿರಿ?”

“ನಲವತ್ತು ನಿಮಿಷ. ಆದರೆ ಕಾರಣ...”

“ಕಾರಣ ಆಮೇಲೆ,” ಎಂದು ಆಚಾರ್ಯರು ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಪೆನ್ನು ತೆಗೆದರು. ಕಾರಣ ಕೇಳಿಕೊಂಡು ಖಂಡಿಸುವ ಪದ್ಧತಿ ಅವರ ವೃತ್ತಿಯಲ್ಲಿ ಇರಲಿಲ್ಲ.

“ಅಪ್ಪ, ಬರೆಯಲ್ಲ ಅಂದಿದ್ರಿ,” ಎಂದಳು ಮಗಳು.

“ಬಿಡುಗಡೆ ವಿರುದ್ಧ ಅಲ್ಲಮ್ಮ. ಇದು ನಿನ್ನ ಗಂಡನ ಪರವಾಗಿ. ಬಾಯಾರಿದವರ ಪರವಾಗಿ.”

ಹತ್ತು ನಿಮಿಷದಲ್ಲಿ ಹೇಳಿಕೆ ಸಿದ್ಧವಾಯಿತು. ಬಹಳ ದಿನಗಳ ಮೇಲೆ ಮನಸ್ಸಿಟ್ಟು ಬರೆದದ್ದರಿಂದ ಅವರು ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಓದಿದರು: “ಏಳು ತಿಂಗಳ ಸೆರೆಯಿಂದ ಬಂದವರನ್ನು ತಾಯ್ನೆಲದ ಹೊಸ್ತಿಲಲ್ಲೇ ನಲವತ್ತು ನಿಮಿಷ ಮರುಸೆರೆಯಲ್ಲಿಟ್ಟು, ಹನಿ ನೀರಿಗೂ ಬಾಯಿಬಿಡಿಸಿದ ಕಟುಕರು ಯಾರು? ಮೊದಲ ಬಾರಿಗೆ ಮಗುವಿನ ಮುಖ ಕಾಣಲು ಕಾತರಿಸುತ್ತಿದ್ದ ತಂದೆಯನ್ನು ತಡೆದ ಆ ಕಲ್ಲೆದೆಯವರು ಎಷ್ಟೇ ಹಿರಿಯರಾಗಿರಲಿ, ಎಷ್ಟೇ ಗಣ್ಯರಾಗಿರಲಿ, ಅವರನ್ನು ಮೂರು ತಿಂಗಳ ಕಾಲ ಎಲ್ಲ ಸ್ಥಾನಮಾನಗಳಿಂದ ದೂರವಿಡಬೇಕೆಂದು ಆಗ್ರಹಿಸುತ್ತೇವೆ.”

“ಚೆನ್ನಾಗಿ ಬರೆದಿದ್ದೀರಿ ಮಾವ,” ಎಂದ ಅಳಿಯ, ನಿಜವಾಗಿಯೂ ಮೆಚ್ಚಿ. “ನನಗೂ ಅವರ ಮೇಲೆ ಅಷ್ಟೇ ಸಿಟ್ಟು ಬಂದಿತ್ತು. ಮಂತ್ರಿಗಳು ಬರಲಿಲ್ಲ ಅಂತ ನಮ್ಮ ಬಸ್ಸನ್ನ ದೊಡ್ಡ ಗೇಟಿಂದಲೇ ಬಿಟ್ಟರು, ಅಲ್ಲಿ ಯಾವುದೋ ಪಕ್ಷದೋರು ಕಪ್ಪು ಬಾವುಟ ಹಿಡಿದು ಅಡ್ಡ ನಿಂತಿದ್ದರು.”

ಆಚಾರ್ಯರ ಪೆನ್ನು ಕೈಯಿಂದ ಜಾರಿ ಚಹಾದ ಲೋಟಕ್ಕೆ ಬಿತ್ತು.

“ಬಾವುಟದೋರು ಆಗಾಗ ಆಚೀಚೆ ಸರಿದರು. ಒಬ್ಬ ಮಾತ್ರ ಬಸ್ಸಿನ ಮೂತಿಗೇ ಕೊಡೆ ಹಿಡ್ಕೊಂಡು ಕಂಬದ ಥರ ನಿಂತಿದ್ದ. ಮುಖ ಕಾಣಲಿಲ್ಲ. ಕರಿ ಕೊಡೆ, ಅದರ ಮಧ್ಯೆ ಒಂದು ಹಳದಿ ಬಾತುಕೋಳಿ. ಅಷ್ಟು ಸಂಕಟದಲ್ಲೂ ಅದನ್ನ ನೋಡಿ ನಾವು ಹತ್ತೊಂಬತ್ತು ಜನಾನೂ ನಕ್ಕಿದ್ದೇ ನಕ್ಕಿದ್ದು.”

ಆ ಕೋಣೆಯಲ್ಲಿ ಅಳಿಯನೊಬ್ಬನೇ ನಗುತ್ತಿದ್ದ.

ಮಗಳು ತೊಟ್ಟಿಲಿನ ಕಡೆ ನೋಡಿದಳು. ತೊಟ್ಟಿಲಲ್ಲಿ ಪುಟ್ಟ ದಿಂಬು. ದಿಂಬಿನ ಮೇಲೆ ಸಾಲಾಗಿ ಹಳದಿ ಬಾತುಕೋಳಿಗಳು. ಹೆಂಡತಿ ಬಾಗಿಲ ಮೂಲೆಗೆ ಹೋಗಿ ಕೊಡೆಯನ್ನು ತಂದು, ಕೋಣೆಯ ನಡುವೆ ನಿಂತು, ನಿಧಾನವಾಗಿ ಬಿಡಿಸಿದರು. ಹೋದ ತಿಂಗಳು ಕೊಡೆ ಹರಿದಾಗ ದಿಂಬಿನ ಬಟ್ಟೆಯಲ್ಲಿ ಉಳಿದ ತುಂಡನ್ನು ಹಾಕಿ ತೇಪೆ ಹೊಲಿದವರು ಅವರೇ. ಬಾತುಕೋಳಿ ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಿತು.

“ಮಂತ್ರಿಗಳ ಗಾಡಿ ಅಂದಿದ್ದರು ಕಣೇ,” ಎಂದರು ಆಚಾರ್ಯರು. ಅಷ್ಟು ಚಿಕ್ಕ ಹೇಳಿಕೆಯನ್ನು ಅವರು ಜೀವನದಲ್ಲೇ ಕೊಟ್ಟಿರಲಿಲ್ಲ.

“ಎಷ್ಟು ತಿಂಗಳು ಅಂತ ಬರೆದಿದ್ದೀರಿ?” ಎಂದು ಕೇಳಿದರು ಹೆಂಡತಿ.

“ಅದು ಬರೆಯೋ ಶೈಲಿ...”

“ಮೂರು ತಿಂಗಳು ಅಂತ ಬರೆದಿದ್ದಾರಮ್ಮ. ಎಷ್ಟೇ ಹಿರಿಯರಾಗಿರಲಿ ಅಂತಾನೂ ಬರೆದಿದ್ದಾರೆ,” ಎಂದು ಮಗಳು ಬಂದು, ಅಜ್ಜನ ಕನ್ನಡಕಕ್ಕೆ ಕೈ ಹಾಕಿದ್ದ ಮಗುವನ್ನು ಬಿಡಿಸಿ ಎತ್ತಿಕೊಂಡಳು.

ಆರಕ್ಕೆ ಸರಿಯಾಗಿ ಕಾರ್ಯದರ್ಶಿಯ ಫೋನು ಬಂದಾಗ ಎತ್ತಿಕೊಂಡವರು ಹೆಂಡತಿ. “ಹೇಳಿಕೆನಾ? ಬರೆದಿದ್ದಾರೆ. ತುಂಬ ಚೆನ್ನಾಗಿದೆ. ಆದರೆ ಪೇಪರಿಗೆ ಕೊಡಲ್ಲ, ಮನೆಯಲ್ಲೇ ಜಾರಿಗೆ ತಂದಿದ್ದೀವಿ.”

ಅಂದಿನಿಂದ ಐದು ಗಂಟೆಯಾದರೆ ಆಚಾರ್ಯರು ಖಾಲಿ ತೊಡೆಯ ಮೇಲೆ ಪತ್ರಿಕೆ ಹಾಸಿಕೊಂಡು ಕೂರುತ್ತಿದ್ದರು. ಓದುತ್ತಿರಲಿಲ್ಲ. ಒಳಕೋಣೆಯಿಂದ ಮಗು ಕೇಕೆ ಹಾಕಿದರೆ ಪತ್ರಿಕೆ ಸ್ವಲ್ಪ ನಡುಗುತ್ತಿತ್ತು. ಅದನ್ನು ಗಮನಿಸಿದವನು ಅಳಿಯನೇ. ಏಳು ತಿಂಗಳು ಆ ಮಗುವನ್ನು ನೆನೆದು ಬಾಳಿದವನಿಗೆ ಮಗುವಿಲ್ಲದ ತೊಡೆಯ ಕಷ್ಟವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಹೆಂಡತಿಯ ಹತ್ತಿರ ಮಾತಾಡಿದ, ಅತ್ತೆಯ ಹತ್ತಿರ ಮಾತಾಡಿದ, ಮತ್ತೆ ಹೆಂಡತಿಯ ಹತ್ತಿರ ಹೋದ. ಕೊಡೆಯನ್ನು ಅತ್ತೆಯ ವಶಕ್ಕೆ ಕೊಡುವುದು, ಕಪಾಟಿನ ನಾಲ್ಕೂ ಚೌಕಟ್ಟುಗಳನ್ನು ರದ್ದಿಗೆ ಹಾಕುವುದು ಎಂಬ ಎರಡು ಷರತ್ತುಗಳ ಮೇಲೆ ಎಲ್ಲರನ್ನೂ ಒಪ್ಪಿಸಿದ. ಒಂಬತ್ತನೆಯ ದಿನ ಸಂಜೆ ಐದಕ್ಕೆ ಮಗು ಅಜ್ಜನ ತೊಡೆಗೆ ವಾಪಸ್ಸಾಯಿತು.

ಆಚಾರ್ಯರು ಮಗುವಿನ ಹಿಮ್ಮಡಿಗೆ ಮುತ್ತಿಟ್ಟರು. ಮಗು ಕನ್ನಡಕ ಹಿಡಿದು ಎಳೆಯಿತು. ಮಗಳ ಮುಖದಲ್ಲೂ ನಗು ಕಂಡಿತು. ಅಳಿಯ ದೊಡ್ಡ ಯುದ್ಧ ನಿಲ್ಲಿಸಿದವನಂತೆ ಗೋಡೆಗೊರಗಿ ನಿಂತಿದ್ದ. ಎರಡು ನಿಮಿಷ ಆ ಮನೆಯಲ್ಲಿ ಸಂಪೂರ್ಣ ಶಾಂತಿಯಿತ್ತು.

“ಅಲ್ಲ ಅಳಿಯಂದಿರೇ,” ಎಂದರು ಆಚಾರ್ಯರು, ಕನ್ನಡಕ ಸರಿಮಾಡಿಕೊಳ್ಳುತ್ತ. “ಇಷ್ಟು ಸಣ್ಣ ಮಾತುಕತೆಗೆ ಒಂಬತ್ತು ದಿನ ಬೇಕಾಗಿತ್ತಾ? ಷರತ್ತುಗಳೂ ಸ್ವಲ್ಪ ಏಕಪಕ್ಷೀಯವೇ ಆದವು. ನಮ್ಮ ಕಾಲದಲ್ಲಾಗಿದ್ದರೆ ಮೂರನೇ ದಿನಾನೇ...”

ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಮಗಳು ಎದ್ದು ಬಂದು ಎರಡೂ ಕೈ ಚಾಚಿದಳು.

“ಕೊಡಿ ಅಪ್ಪ ಮಗೂನ.”