ಶಾಹಿಸ್ತಾಳ ಪಾಲಿನ ಕ್ಯಾಂಡಿ

ಇಂಡಿ ಊರಿನ ಏಪ್ರಿಲ್ ಬಿಸಿಲಿಗೆ ಹೆದರದವರೆಂದರೆ ಮಕ್ಕಳು. ಅವರನ್ನು ನೆರಳಿನಲ್ಲಿ ಹಿಡಿದಿಡಬೇಕೆಂದು ನಾರಾಯಣ ಭಾನುವಾರ ಬೆಳಿಗ್ಗೆ ಐಸ್‌ಕ್ಯಾಂಡಿಯ ಆಸೆ ತೋರಿಸಿದ. ಅವನ ಗ್ರಹಚಾರ ಕೆಟ್ಟದ್ದು ಅಲ್ಲಿಂದಲೇ.

ಅಂದು ಏಕಾದಶಿ. ಗಂಡ ಹೆಂಡತಿ ಇಬ್ಬರಿಗೂ ಉಪವಾಸವಾದ್ದರಿಂದ ಅಡಿಗೆಮನೆ ಖಾಲಿಯಿತ್ತು. ಮರುದಿನ ಉಪವಾಸ ಬಿಡುವ ಪಾರಣೆಯ ಸಿಹಿ ಹಯಗ್ರೀವಕ್ಕೆ ಕಡಲೆಬೇಳೆ ತೆಗೆದಿಟ್ಟು ಹೆಂಡತಿ ನಲಿನಿ ದೇವರಮನೆಯಲ್ಲಿ ಜಪಕ್ಕೆ ಕುಳಿತಿದ್ದಳು. ಮಗ ವಿನೀತ ಓಣಿಯ ಮಕ್ಕಳನ್ನೆಲ್ಲ ಕರೆತಂದ. ಒಬ್ಬ ಲಿಂಬೆಹಣ್ಣು ಹಿಂಡಿದ, ಇನ್ನೊಬ್ಬಳು ಸಕ್ಕರೆ ಕದಡಿದಳು, ನಾರಾಯಣ ಕೆಂಪು ಶರಬತ್ತಿನ ಬಾಟಲಿಯನ್ನು ಧಾರಾಳವಾಗಿ ಬಗ್ಗಿಸಿದ. ಚಹಾದ ಸ್ಟೀಲ್ ಲೋಟಗಳೇ ಅಚ್ಚು, ಚಮಚಗಳೇ ಕಡ್ಡಿ.

ಮಧ್ಯಾಹ್ನಕ್ಕೆ ಎಲ್ಲ ಕಲ್ಲಿನ ಹಾಗೆ ಗಟ್ಟಿಯಾದವು. ಲೋಟ ನೀರಿಗೆ ಅದ್ದಿ, ಚಮಚ ಎಳೆದೆಳೆದು ಮಕ್ಕಳಿಗೆ ಹಂಚಿದ. ಪಕ್ಕದ ಮನೆಯ ಮುರ್ತುಜಾಸಾಬರ ಮೊಮ್ಮಗಳು ಶಾಹಿಸ್ತಾ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದಳು.

"ನಾಚಬ್ಯಾಡವಾ, ತೊಗೋ," ಎಂದು ಅವನೇ ಅವಳ ಕೈಗೆ ಒಂದನ್ನು ತುರುಕಿದ. ಹುಡುಗಿ ಏನೋ ಹೇಳಹೋದಳು. ಉಳಿದವರ ಗದ್ದಲದಲ್ಲಿ ಕೇಳಿಸಲಿಲ್ಲ. ಅವಳು ಕ್ಯಾಂಡಿ ಹಿಡಿದುಕೊಂಡು ಮನೆಗೆ ಓಡಿದಳು.

ಸ್ವಲ್ಪ ಹೊತ್ತಿಗೆ ಎದುರು ಮನೆಯ ಗುರಪ್ಪ ಬಂದ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದ ಮೇಲೆ ಓಣಿಯ ಸುದ್ದಿಯನ್ನೆಲ್ಲ ಮನೆಮನೆಗೆ ಇಳಿಸುವುದು ಅವನ ಕೆಲಸ.

"ಸಂಜಿಗಿ ಸಾಬರ ಮನಿಗಿ ಬರ್ತೀರಿಲ್ರಿ ರಾಯರ? ಶಾಹಿಸ್ತಾಂದು ಇವತ್ತ ಮೊದಲನೇ ರೋಜಾ. ಕೂಸು ಬೆಳಗಿನಿಂದ ನೀರ ಸೈತ ಮುಟ್ಟಿಲ್ಲಂತ. ಸಿಂದಗಿ, ಮುದ್ದೇಬಿಹಾಳದಿಂದ ಬೀಗರು ಬರಾಕತ್ತಾರ."

ನಾರಾಯಣನ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿತ್ತು.

"ಗುರಪ್ಪ, ನಾ ಆಕಿಗೆ ಕ್ಯಾಂಡಿ ಕೊಟ್ಟೀನಪಾ."

ಗುರಪ್ಪ ಮೆಟ್ಟಿಲ ಮೇಲೆ ಕುಸಿದು ಕುಳಿತ. "ಸಾಬರು ಭಾಳ ಒಳ್ಳೆ ಮನಶಾರ್ರಿ. ಅದಕ್ಕ ಅಂಜಿಕಿ. ಕೆಟ್ಟವ್ರಾದ್ರ ಬೈದು ಬಿಡ್ತಾರ, ಒಳ್ಳೆವ್ರು ಕಣ್ಣೀರ ಹಾಕ್ತಾರ. ಮೊದಲ ಹೋಗಿ ಹುಡುಗಿ ನಾಲಗಿ ನೋಡ್ರಿ. ಕೆಂಪಿದ್ರ ತಿಂದಾಳ."

ಸಣ್ಣ ಹುಡುಗಿಯ ಮೊದಲ ಉಪವಾಸವನ್ನು ಕೆಡಿಸಿದ ಪಾಪ, ಅದೂ ಏಕಾದಶಿಯ ದಿನ. ನಾರಾಯಣ ಕಾಲೆಳೆಯುತ್ತ ಸಾಬರ ಮನೆಗೆ ಹೋದ.

"ಸರಿಯಾದ ಹೊತ್ತಿಗಿ ಬಂದ್ರಿ ನೋಡ್ರಿ. ಏಣಿ ಹಿಡೀರಿ," ಎಂದರು ಮೇಲೆ ನಿಂತು ದೀಪದ ಸರ ಕಟ್ಟುತ್ತಿದ್ದ ಮುರ್ತುಜಾಸಾಬ. ನಾರಾಯಣ ಹಿಡಿದ ಮೇಲೆ ಏಣಿ ಮೊದಲಿಗಿಂತ ಹೆಚ್ಚು ಅಲುಗಾಡತೊಡಗಿತು. "ಬ್ಯಾಡ, ಬಿಡ್ರಿ ರಾಯರ," ಎಂದು ಅವರೇ ಇಳಿದರು.

ಶಾಹಿಸ್ತಾ ಹೊಸ ಬಟ್ಟೆ ತೊಟ್ಟು ಮಂಚದ ಮೇಲೆ ಕುಳಿತಿದ್ದಳು. ನಾರಾಯಣ ಹತ್ತಿರ ಹೋಗಿ ಪಿಸುಗುಟ್ಟಿದ, "ನಾಲಗಿ ತೋರ್ಸವಾ."

ಹುಡುಗಿ ತುಟಿ ಬಿಗಿದು ತಲೆ ಅಲ್ಲಾಡಿಸಿದಳು. ತಿಂದಿದ್ದಾಳೆ, ಅನುಮಾನವೇ ಇಲ್ಲ.

"ದಣಿದೈತ್ರಿ ಕೂಸು, ಮಾತ ಕಡಿಮಿ ಮಾಡೇತಿ," ಎಂದಳು ಅವಳ ಅಜ್ಜಿ ಖಾತುನಬಿ. "ಸಂಜಿಗಿ ಮೊದಲನೇ ಹಾರಾ ನೀವ ಹಾಕಬೇಕ್ರಿ. ನಿಮ್ಮ ಕೈಯಾಗ ಆಡಿದ ಹುಡುಗಿ."

ಮನೆಗೆ ಬಂದು ನಾರಾಯಣ ಮಕ್ಕಳನ್ನು ಸೇರಿಸಿ, ಶಾಹಿಸ್ತಾಳ ವಿಷಯ ಯಾರೂ ಬಾಯಿ ಬಿಡಬಾರದೆಂದು ಆಣೆ ಹಾಕಿಸಿದ. ಆಣೆಗೆ ಇನ್ನೊಂದೊಂದು ಕ್ಯಾಂಡಿ ಕೇಳಿದರು. ಕೊಟ್ಟ. ಹೆದರಿಕೆಗೆ ಅವನ ಗಂಟಲೂ ಒಣಗಿಹೋಗಿತ್ತು. ಸಂಜೆ ಸಾಬರ ಮುಖ ಹೇಗೆ ನೋಡುವುದೆಂದು ಚಿಂತಿಸುತ್ತ, ಉಳಿದಿದ್ದೊಂದನ್ನು ಚೀಪಿ ಮುಗಿಸಿದ. ಆಮೇಲೆ ಸಂಜೆಯವರೆಗೆ ಅವನು ಯಾರೊಡನೆಯೂ ಮಾತಾಡಲಿಲ್ಲ. ನಲಿನಿ ಏನು ಕೇಳಿದರೂ ಬರೀ ಹೂಂಗುಟ್ಟಿದ. ಉಪವಾಸಕ್ಕೆ ಸುಸ್ತಾಗಿದೆಯೆಂದು ಅವಳಿಗೆ ಕನಿಕರವಾಯಿತು.

ಸಂಜೆ ಸಾಬರ ಅಂಗಳ ಬೀಗರಿಂದ ತುಂಬಿತ್ತು. ನಲಿನಿಯೊಡನೆ ಬಂದ ನಾರಾಯಣ ಹುಡುಗಿಗೆ ಹಾರ ಹಾಕಿದ. ಒಪ್ಪಿಕೊಂಡುಬಿಡಲೇ ಎಂದು ಸಾಬರ ಕಡೆ ತಿರುಗುವಷ್ಟರಲ್ಲಿ ಮಸೀದಿಯಿಂದ ಆಜಾನ್ ಕೇಳಿಸಿತು. ಶಾಹಿಸ್ತಾ ಖರ್ಜೂರ ತಿಂದು ನೀರು ಕುಡಿದವಳೇ ಒಳಗೆ ಓಡಿದಳು. ಹೊರಬಂದಾಗ ಅವಳ ಕೈಯಲ್ಲಿ ನಲಿನಿಯ ಮನೆಯ ಚಮಚ, ಅದರ ತುದಿಗೆ ಇಡಿಯ ಕೆಂಪು ಕ್ಯಾಂಡಿ.

"ಕಾಕಾ ಮಧ್ಯಾಹ್ನನ ಕೊಟ್ಟಿದ್ರು. ರೋಜಾ ಬಿಟ್ಟಮ್ಯಾಲ ತಿನ್ನಾಕಂತ ಫ್ರಿಜ್ಜಿನ್ಯಾಗ ಇಟ್ಟಿದ್ನಿ," ಎಂದಳು.

ನಾರಾಯಣನಿಗೆ ಹೋದ ಜೀವ ಬಂದಂತಾಯಿತು. ಮಧ್ಯಾಹ್ನದಿಂದ ಬಿಗಿದಿದ್ದ ಬಾಯಿ ತೆರೆದು, ಹೊಟ್ಟೆ ಹಿಡಿದುಕೊಂಡು ನಕ್ಕ. ನಡೆದದ್ದನ್ನೆಲ್ಲ ಹೇಳಿ ಮತ್ತೆ ನಕ್ಕ. ಸಾಬರೂ ಬೀಗರೂ ನಕ್ಕರು.

ನಲಿನಿ ಮಾತ್ರ ನಗಲಿಲ್ಲ. ಅವಳು ದೀಪದ ಸರದ ಬೆಳಕಿನಲ್ಲಿ ಗಂಡನ ಬಾಯನ್ನೇ ನೋಡುತ್ತಿದ್ದಳು.

"ಇನ್ನೊಮ್ಮೆ ನಗ್ರಿ ನೋಡೋಣು," ಎಂದಳು.

ನಾರಾಯಣ ಬಾಯಿ ಮುಚ್ಚಿದ. ಹೊತ್ತು ಮೀರಿತ್ತು.

"ಖಾತುನಬಿ ವೈನಿ, ನಾಳೆ ಪಾರಣಿಗೆ ಹಯಗ್ರೀವ ಮಾಡ್ಲಿಕತ್ತೀನಿ," ಎಂದಳು ನಲಿನಿ ಶಾಂತವಾಗಿ. "ಇವರ ಪಾಲಿಂದು ಶಾಹಿಸ್ತಾಗ ಕಳಸ್ತೀನಿ. ಉಪವಾಸ ಮಾಡಿದವರು ತಿನ್ನಬೇಕಲ್ಲ?"

ಶಾಹಿಸ್ತಾ ಕ್ಯಾಂಡಿಯ ಕೊನೆಯ ಚೂರನ್ನು ಚೀಪಿ, ಕಾಕಾ ಮಧ್ಯಾಹ್ನ ಕೇಳಿದ್ದ ನಾಲಗೆಯನ್ನು ಈಗ ಉದ್ದಕ್ಕೆ ಚಾಚಿ ತೋರಿಸಿದಳು.