ಎರಡು ನಿಮಿಷದ ಫ್ರಿಜ್ಜು

ಗೆದ್ದವಳಿಂದ ಗೆದ್ದದ್ದನ್ನು ಕಸಿದುಕೊಂಡು, ಅವಳ ಬೆಪ್ಪಾದ ಮುಖಕ್ಕೆ ನಗುವಿನ ಸದ್ದು ಜೋಡಿಸಿ ಪ್ರಸಾರ ಮಾಡಿದವರು ನೀವು. ಮಹಿಳೆಯರ ಆಟವೆಂದು ಬಸವಕಲ್ಯಾಣಕ್ಕೆ ಬಂದು, ಕಲ್ಯಾಣಮಂಟಪದಲ್ಲಿ ಬಣ್ಣದ ದೀಪ ಕಟ್ಟಿದ ವಾಹಿನಿಯ ಮಹನೀಯರೇ, ಈ ಆರೋಪವನ್ನು ಮೃದುಗೊಳಿಸುವ ಉದ್ದೇಶ ನನಗಿಲ್ಲ. ಆದರೆ ಎಂಥವಳನ್ನು ಸೋಲಿಸಿದಿರೆಂದು ನಿಮಗೆ ತಿಳಿದಿರಲಿ. ಗೆದ್ದವರನ್ನು ಮತ್ತೊಮ್ಮೆ ಆಡಿಸುವ ನಿಮ್ಮ ಆ ಬೋನಸ್ ರೌಂಡ್ ಹುಟ್ಟಿದ್ದು ಹುಮನಾಬಾದಿನ ತರಕಾರಿ ಬಜಾರಿನಲ್ಲಿ ಎಂದು ನಂಬಿರುವ ಜಗತ್ತಿನ ಏಕೈಕ ವ್ಯಕ್ತಿ ಆಕೆ, ನನ್ನ ಸೋದರತ್ತೆ.

ಅತ್ತೆ ನಾರಾಯಣಪುರದಲ್ಲಿ ಹೊಲದ ಕೂಲಿಗೆ ಹೋಗುವವಳು. ಸಂಜೆ ಟಿವಿಯೆದುರು ಕೂತರೆ ಸ್ಪರ್ಧಿಗಳಿಗಿಂತ ಮೊದಲೇ ಉತ್ತರ ಹೇಳುತ್ತಾಳೆ. ಅದು ತಪ್ಪಾದರೆ? ಪ್ರಶ್ನೆ ಕೇಳಿದವನಿಗೆ ಬೈಗುಳ. ಮಾಧ್ಯಮ ಶಾಸ್ತ್ರ ಓದಿದ ಅಹಂಕಾರದಲ್ಲಿ, ಬೋನಸ್ ರೌಂಡಿನ ಕುರಿತ ಅವಳ ನಂಬಿಕೆಯನ್ನು ನಾನೊಮ್ಮೆ ತಿದ್ದಲು ಹೋದೆ. ಯಾರು ಗೆದ್ದರೆಂದು ತಿಳಿದೊಡನೆ ನೋಡುಗರು ಎದ್ದುಹೋಗುತ್ತಾರೆ. ಅವರನ್ನು ಇನ್ನೊಂದು ಜಾಹೀರಾತಿನವರೆಗೆ ಕೂರಿಸಲು, ಗೆದ್ದವರನ್ನು ಒಂಟಿಯಾಗಿ ಗಡಿಯಾರದೆದುರು ನಿಲ್ಲಿಸುವ ಉಪಾಯವಿದು, ಹೊರದೇಶದ ಆಟಗಳಿಂದ ಬಂದದ್ದು ಎಂದೆ.

“ತಮ್ಮಾ, ಇಷ್ಟು ಓದಿ ಕೊಸರು ಅಂದ್ರ ಏನಂತ ಕಲೀಲಿಲ್ಲೇನು? ತೂಕ ಮುಗದ ಮ್ಯಾಲ ನಾಕು ಮೆಣಸಿನಕಾಯಿ ಮ್ಯಾಲಿಂದ ಹಾಕ್ತಾರಲ್ಲ, ಅದ ಬೋನಸ್.”

ಪುರಾವೆಗಾಗಿ ನನ್ನನ್ನು ಬಜಾರಿಗೇ ಎಳೆದೊಯ್ದಳು. ಪಾವು ಕಿಲೋ ಮೆಣಸಿನಕಾಯಿ ಚೀಲಕ್ಕೆ ಬಿದ್ದ ಮೇಲೂ ಅವಳು ಅಲುಗಾಡಲಿಲ್ಲ.

“ಮತ್ತ್ಯಾಕ ನಿಂತೀ ಬಾಯೀ?” ಎಂದ ವ್ಯಾಪಾರಿ.

“ನಿನ್ನ ಕೈ ಇನ್ನೂ ತಕ್ಕಡಿ ಮ್ಯಾಲೇ ಅದಲ್ಲ, ಅದಕ್ಕ ನಿಂತೀನಿ.”

“ನಿನಗ ಕೊಸರು ಹಾಕಿ ಹಾಕಿ ನನ್ನ ದುಕಾನ ಮುಚ್ಚೂ ಹೊತ್ತು ಬಂದದ.”

“ಮುಚ್ಚೂ ಮೊದಲ ಕೊತ್ತಂಬರೀನೂ ಹಾಕಿಬಿಡು.”

ಹಾಕಿದ. ಕೊಸರಿನ ಕಾನೂನು ಸರಳವಾದದ್ದು: ಕೊಟ್ಟರೆ ಲಾಭ, ಕೊಡದಿದ್ದರೂ ಚೀಲಕ್ಕೆ ಬಿದ್ದದ್ದು ಕೊಂಡವರದೇ. ಈ ಕಾನೂನನ್ನು ನಂಬಿ ಅತ್ತೆ ನಿಮ್ಮ ವೇದಿಕೆ ಹತ್ತಿದಳು.

ಅವಳಿಗೆ ಬೇಕಾಗಿದ್ದದ್ದು ಫ್ರಿಜ್ಜು, ಐಸ್‌ಕ್ರೀಮಿಗಲ್ಲ. ಮಾವನಿಗೆ ಸಕ್ಕರೆ ಕಾಯಿಲೆ. ಅವರ ಇನ್ಸುಲಿನ್ ಬಾಟಲಿ ಊರ ಸೋಡಾ ಅಂಗಡಿಯ ಫ್ರಿಜ್ಜಿನಲ್ಲಿರುತ್ತದೆ. “ನನ್ನ ಆಯುಷ್ಯ ಮಸಾಲಾ ಸೋಡಾದ ಬಾಜೂಕ ಕುಂತದ” ಎಂದು ಮಾವ ನಗಿಸುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಅಂಗಡಿಯವನು ಮಗಳ ಮದುವೆಗೆಂದು ಸ್ವಿಚ್ ಆರಿಸಿ, ಬಾಗಿಲು ಹಾಕಿ ಪರಊರಿಗೆ ಹೋದ. ಬಿಸಿಲಿಗೆ ಔಷಧಿ ಕೆಟ್ಟಿತು. ಅವನು ಬಂದು ಬಾಗಿಲು ತೆರೆದ ಮೇಲೆ ಮಾವ ಅದನ್ನೇ ಚುಚ್ಚಿಕೊಳ್ಳುತ್ತಿದ್ದರು, ಪಾಪ, ಅವರಿಗೇನು ಗೊತ್ತು? ಕಾಲಿನ ಗಾಯ ಮಾಯಲಿಲ್ಲ. ಎರಡು ಬೆರಳು ತೆಗೆಸಬೇಕಾಯಿತು.

ನಿಮ್ಮ ಮೂರೂ ಸುತ್ತುಗಳಲ್ಲಿ ಅತ್ತೆ ಗೆದ್ದಳು. ರಿಬ್ಬನ್ ಕಟ್ಟಿದ ಫ್ರಿಜ್ಜನ್ನು ಅವಳ ಪಕ್ಕಕ್ಕೆ ತಂದು ನಿಲ್ಲಿಸಿದಿರಿ. ಅವಳು ಅದರ ಬಾಗಿಲು ತೆರೆದು ಒಳಗೆ ಕೈಯಿಟ್ಟು ನೋಡಿದಳು.

“ಅಮ್ಮಾ, ಬೋನಸ್ ರೌಂಡ್ ಆಡ್ತೀರಾ?” ಎಂದ ನಿಮ್ಮ ನಿರೂಪಕ.

“ಮ್ಯಾಲಿಂದ ಕೊಡಾಕತ್ತೀರಂದ್ರ ಯಾಕ ಬ್ಯಾಡ ಅನ್ಲಿ?”

ಮೂವತ್ತು ಸೆಕೆಂಡಿನಲ್ಲಿ ಹತ್ತು ಕಾಗದದ ಲೋಟಗಳನ್ನು ಒಂದರ ಮೇಲೊಂದು ನಿಲ್ಲಿಸಬೇಕಿತ್ತು. ಒಂಬತ್ತು ನಿಂತವು. ಅಷ್ಟರಲ್ಲಿ ಬೆವರುತ್ತಿದ್ದ ನಿರೂಪಕನ ಕಡೆಗೆ ಯಾರೋ ಕೂಲರ್ ತಿರುಗಿಸಿದರು. ಹತ್ತನೆಯದನ್ನು ಇಡುವುದಿರಲಿ, ಒಂಬತ್ತೂ ಹಾರಿದವು! ಫ್ರಿಜ್ಜು ಅವಳ ಪಕ್ಕದಲ್ಲಿ ನಿಂತದ್ದು ಎರಡೇ ನಿಮಿಷ; ಇಬ್ಬರು ಬಂದು ಅದನ್ನು ಎತ್ತಿಕೊಂಡರು.

“ಯಪ್ಪಾ, ಅದು ನಂದು. ಎಲ್ಲಿಗೆ ಒಯ್ಯಾಕತ್ತೀರಿ?”

“ಬೋನಸ್‌ನಲ್ಲಿ ಸೋತ್ರೆ ಗೆದ್ದಿದ್ದೂ ವಾಪಸ್ ಅಮ್ಮಾ. ರೂಲ್ಸು. ಸೈನ್ ಹಾಕಿದ್ದೀರಲ್ಲ.”

“ಚೀಲಕ್ಕ ಹಾಕಿದ್ದು ತಿರುಗಿ ಕಸಗೊಳ್ಳೂ ದುಕಾನ ಯಾವ ಊರಾಗ ಅದರಿ?”

ಇಲ್ಲಿ ನೀವು ನಗುವಿನ ಸದ್ದು ಸೇರಿಸಿದಿರಿ. ಅವಳು ಸಹಿ ಮಾಡಿದ ಕಾಗದ ಇಂಗ್ಲಿಷಿನಲ್ಲಿತ್ತು. ಆಡುವ ಮೊದಲು ನಿಯಮವನ್ನು ಬಾಯಿಬಿಟ್ಟು ಹೇಳಿದವರು ಒಬ್ಬರೂ ಇರಲಿಲ್ಲ. ಪ್ರಸಾರವಾದ ಕಂತನ್ನು ನಾನು ಹನ್ನೊಂದು ಸಲ ನೋಡಿದ್ದೇನೆ.

ಮಾವ ನನಗಿಂತ ಹೆಚ್ಚು ನೋಡಿದ್ದಾರೆ. ಮೊನ್ನೆ ಹೋದಾಗ, ಕಟ್ಟು ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ನನ್ನ ಮೊಬೈಲ್ ಕೇಳಿದರು. ಅತ್ತೆ ಫ್ರಿಜ್ಜಿನೊಳಗೆ ಕೈಯಿಟ್ಟು ನಗುವಲ್ಲಿಗೆ ಬಂದಾಗ, “ಇಲ್ಲೇ ನಿಂದರ್ಸು” ಎಂದರು.

“ಮುಂದಿನದು ಬ್ಯಾಡೇನ್ರಿ ಮಾವ?”

“ಬ್ಯಾಡ. ನಲವತ್ತು ವರ್ಷದಾಗ ಆಕಿ ಹಿಂಗ ನಕ್ಕಿದ್ದು ನಾ ನೋಡಿಲ್ಲ. ನನ್ನ ಸಲುವಾಗಿ ನಗಾಕತ್ತಾಳ, ನೋಡು.”

ಒಲೆಯ ಮುಂದೆ ಕೂತಿದ್ದ ಅತ್ತೆ ತಿರುಗಲಿಲ್ಲ. ರೊಟ್ಟಿ ತಟ್ಟುವ ಸದ್ದು ಮಾತ್ರ ನಿಂತಿತು.

ಆದ್ದರಿಂದ, ಮಹನೀಯರೇ, ಕೇಳಿಕೊಳ್ಳುವುದಿಷ್ಟು. ಗೆದ್ದದ್ದು ಕೈತಪ್ಪಬಹುದೆಂಬ ನಿಯಮವನ್ನು ಆಟಕ್ಕೆ ಮೊದಲು ಏಕೆ ತಿಳಿಸಲಿಲ್ಲವೆಂಬುದಕ್ಕೆ ಲಿಖಿತ ಉತ್ತರ ಕೊಡಬೇಕು. ಇನ್ನು ಮುಂದೆ ಯಾವ ಊರಿನಲ್ಲಿ ಆಡಿಸಿದರೂ ಆ ನಿಯಮವನ್ನು ವೇದಿಕೆಯ ಮೇಲೆಯೇ ಓದಿ ಹೇಳಬೇಕು. ನನ್ನ ಅತ್ತೆ ಗೆದ್ದ ಫ್ರಿಜ್ಜನ್ನು ಮುಂದಿನ ಬೇಸಿಗೆಯೊಳಗೆ ನಾರಾಯಣಪುರಕ್ಕೆ ತಲುಪಿಸಬೇಕು. ಉತ್ತರವನ್ನು ನನಗಲ್ಲ, ಅವಳ ಹೆಸರಿಗೆ ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ಅವಳಿಗೆ ಓದಲು ಬರುತ್ತದೆ.